ತಾತನ ಪ್ಲೇಯರ್‌ಗೆ ಹೊಸ ಮುಳ್ಳು: ಹಗುರ ಇದ್ದಷ್ಟೂ ಒಳ್ಳೇದಾ?

ಬಸ್ಸಲ್ಲಿ ಕೂತು, ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಇವತ್ತಿನ ಸಂಚಿಕೆಯಲ್ಲಿ ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ. ಮನೆಯಲ್ಲಿ ಹಳೇ ರೆಕಾರ್ಡ್ ಪ್ಲೇಯರ್ ಇದ್ದು, ಅದನ್ನ ರಿಪೇರಿ ಮಾಡೋ ಆಸೆ ಇರೋರು ಪೂರ್ತಿ ಕೇಳಿ.

ಕೊರಟಗೆರೆ ತಾಲ್ಲೂಕಲ್ಲಿ ನಮ್ಮ ಅಜ್ಜಿ ಮನೆ. ಹಿತ್ತಲಲ್ಲಿ ನಿಂತರೆ ಸಿದ್ದರಬೆಟ್ಟ ಕಾಣುತ್ತೆ. ಅಟ್ಟದ ಮೇಲೆ ತಾತನ ಗೆರಾರ್ಡ್ ಪ್ಲೇಯರ್ ಇತ್ತು, ಜೊತೆಗೊಂದು ಪೆಟ್ಟಿಗೆ ಪ್ಲೇಟು. ಹಳಬರು ರೆಕಾರ್ಡಿಗೆ ಪ್ಲೇಟು ಅಂತಾನೇ ಅನ್ನೋದು. 1972ರ 'ಬಂಗಾರದ ಮನುಷ್ಯ' ಚಿತ್ರದ ಹಾಡುಗಳ ಚಿಕ್ಕ 45 ಆರ್‌ಪಿಎಂ ಪ್ಲೇಟು ಅದರಲ್ಲಿತ್ತು. ಅದಕ್ಕಿಂತ ಹಳೇದು, ನಾಟಕದ ಹಾಡಿನ 78 ಆರ್‌ಪಿಎಂ ಪ್ಲೇಟುಗಳೂ ಇದ್ದವು. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು, ನಾಟಕದ ಹುಚ್ಚು ತಾತನಿಗೂ ಇತ್ತು.

"ನಿಮ್ ತಾತ ಹಬ್ಬಕ್ಕೊಂದ್ಸಲ ಮುಟ್ಟೋರು. ಹಾಳ್ ಮಾಡ್ಬೇಡ ಕಣೋ," ಅಂತು ಅಜ್ಜಿ. ನಾನು ಮಾಡಿದ್ದು ಅದನ್ನೇ.

ಮೊದಲು ಕಾರ್ಟ್ರಿಡ್ಜ್ ಅಂದ್ರೇನು ನೋಡೋಣ. ಪ್ಲೇಯರ್‌ನ ತೋಳಿನ ತುದಿಯಲ್ಲಿ ಬೆರಳಿನ ತುದಿಯಷ್ಟು ದಪ್ಪ ಒಂದು ಡಬ್ಬಿ ಇರುತ್ತೆ. ಅದರ ಕೆಳಗಿರೋದು ಮುಳ್ಳು, ಅಂದ್ರೆ ಸ್ಟೈಲಸ್. ಪ್ಲೇಟಿನ ಗೆರೆಯ ಗೋಡೆಗಳು ಮುಳ್ಳನ್ನು ಅಲುಗಾಡಿಸುತ್ತವೆ, ಡಬ್ಬಿ ಆ ಅಲುಗಾಟವನ್ನು ಕರೆಂಟ್ ಮಾಡುತ್ತೆ. ತಾತನದ್ದು ಸೆರಾಮಿಕ್ ಕಾರ್ಟ್ರಿಡ್ಜ್. ಗಟ್ಟಿ ದನಿ ಕೊಡುತ್ತೆ, ಆದ್ರೆ ಪ್ಲೇಟಿನ ಮೇಲೆ ಭಾರ ಜಾಸ್ತಿ. ಜೊತೆಗೆ ವರ್ಷಗಟ್ಟಲೆ ಬಿಸಿಲು, ಧೂಳಿಗೆ ಅದರ ರಬ್ಬರ್ ಕಲ್ಲಾಗಿತ್ತು. ಹಾಗಾಗಿ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್ ಹಾಕೋಣ ಅಂದ್ಕೊಂಡೆ.

ಇಲ್ಲೊಂದು ವಿಷಯ ಗೊತ್ತಿರಲಿ. ಮ್ಯಾಗ್ನೆಟಿಕ್‌ನಿಂದ ಬರೋದು ಕೆಲವೇ ಮಿಲಿವೋಲ್ಟ್. ನೇರವಾಗಿ ಸ್ಪೀಕರ್ ಬಾಕ್ಸಿಗೆ ಸಿಕ್ಕಿಸಿದ್ರೆ ಸೊಳ್ಳೆ ಹಾಡಿದ ಹಾಗಿರುತ್ತೆ, ಬೇಸ್ ಅಂತೂ ಇಲ್ಲವೇ ಇಲ್ಲ. ಎಲ್‌ಪಿಗಳನ್ನು ಕೊರೆಯುವಾಗ ಬೇಸ್ ತಗ್ಗಿಸಿ, ತಾರಸ್ವರ ಏರಿಸಿರ್ತಾರೆ. ಅದನ್ನ ವಾಪಸ್ ಸರಿ ಮಾಡೋ ಫೋನೋ ಪ್ರಿಆಂಪ್ ಮಧ್ಯದಲ್ಲಿ ಬೇಕೇ ಬೇಕು.

ನಾನು ಸಾಕಷ್ಟು ದುಡ್ಡು ಕೊಟ್ಟು, ತುಂಬಾ ಹಗುರವಾಗಿ ಓಡೋ ಕಾರ್ಟ್ರಿಡ್ಜ್ ತಂದೆ. ಹಗುರ ಇದ್ರೆ ಪ್ಲೇಟು ಸವೆಯಲ್ಲ ಅಲ್ವಾ? ತೋಳಿನ ಭಾರವನ್ನ 1 ಗ್ರಾಮಿಗೆ ಇಟ್ಟು, ಒಂದು ವಾರ ದಿನಾ 'ಬಂಗಾರದ ಮನುಷ್ಯ' ಹಾಕಿದೆ. ಹಾಡು ಮುಗಿಯೋ ಹೊತ್ತಿಗೆ 'ಸ', 'ಶ' ಬಂದ ಕಡೆಯೆಲ್ಲ ಕರ್ರ್ ಅಂತಿತ್ತು. ಹಳೇ ಪ್ಲೇಟು, ಹಂಗೇ ಇರುತ್ತೆ ಅಂದ್ಕೊಂಡೆ.

ಹಂಗಲ್ಲ. ಭಾರ ಕಮ್ಮಿ ಆದ್ರೆ ಮುಳ್ಳು ಗೆರೆಯಲ್ಲಿ ಕೂರೋದೇ ಇಲ್ಲ. ದೊಡ್ಡ ತಿರುವು ಬಂದಾಗ ಗೋಡೆ ಬಿಟ್ಟು ಹಾರುತ್ತೆ, ಮತ್ತೆ ಬಂದು ಗೋಡೆಗೆ ಹೊಡೆಯುತ್ತೆ. ವಜ್ರದ ಮುಳ್ಳು, ಪ್ಲಾಸ್ಟಿಕ್ ಗೋಡೆ. ಯಾರು ಸೋಲ್ತಾರೆ ಹೇಳಿ? ಲೇಬಲ್ ಹತ್ತಿರ ಹೋದಷ್ಟೂ ಒಂದು ಸುತ್ತಿನ ಗೆರೆಯ ಉದ್ದ ಕಮ್ಮಿ, ದನಿ ಇನ್ನೂ ಇಕ್ಕಟ್ಟಾಗಿ ತುಂಬಿರುತ್ತೆ. ಅದಕ್ಕೇ ಏಟು ಬಿದ್ದಿದ್ದು ಕೊನೆಯಲ್ಲಿ. ಹೀಗೆ ಒಡೆದ ಗೆರೆ ಮತ್ತೆ ಸರಿಯಾಗಲ್ಲ.

ಇನ್ನೊಂದು ತಪ್ಪೂ ಇತ್ತು. ಹಗುರವಾಗಿ ಓಡೋ ಕಾರ್ಟ್ರಿಡ್ಜ್‌ನ ಮುಳ್ಳಿನ ಸ್ಪ್ರಿಂಗು ಬಲು ಮೆತ್ತಗೆ, ತಾತನ ಪ್ಲೇಯರ್‌ನ ತೋಳು ಭಾರ. ಸ್ಕೂಟರ್ ಮೇಲೆ ಮೂರು ಮೂಟೆ ರಾಗಿ ಹೇರಿದ್ರೆ ಶಾಕಬ್ಸರ್ ತೂಗಾಡಲ್ವಾ, ಅದೇ ಕಥೆ. ತೋಳು ಮತ್ತು ಕಾರ್ಟ್ರಿಡ್ಜ್ ಸೇರಿ ತೂಗಾಡೋ ವೇಗ ಸುಮಾರು 8ರಿಂದ 12 ಹರ್ಟ್ಜ್ ಇರಬೇಕು. ಅದಕ್ಕಿಂತ ತೀರಾ ಕೆಳಗಿಳಿದ್ರೆ, ಪ್ಲೇಟು ಚೂರು ಸೊಟ್ಟಗಿದ್ರೂ ತೋಳು ಕುಣಿಯುತ್ತೆ.

ಕೊನೆಗೆ ಹೊಂದಿದ್ದು ಅಗ್ಗದ ಆಡಿಯೋ-ಟೆಕ್ನಿಕಾ ಎಟಿ-3600ಎಲ್. ಗಟ್ಟಿ ಸ್ಪ್ರಿಂಗು, ಗುಂಡು ತುದಿಯ ಮುಳ್ಳು, ಸುಮಾರು 3 ಗ್ರಾಂ ಭಾರ. ದುಬಾರಿಯದ್ದಕ್ಕಿಂತ ಇದೇ ಚೆನ್ನಾಗಿ ಹಾಡಿತು. ಇದನ್ನ ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಹೊತ್ತು ಹಿಡೀತು, ಬಿಡಿ.

ಕೂರಿಸುವಾಗ ಹಿಂದಿನ ನಾಲ್ಕು ವೈರ್ ನೋಡಿ. ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಹಳೇ ಪ್ಲೇಯರಲ್ಲಿ ಯಾರಾದ್ರೂ ವೈರ್ ಬದಲಿಸಿರಬಹುದು, ಮೊದಲು ಫೋಟೋ ತೆಗೆದಿಟ್ಕೊಳ್ಳಿ. ಕಾರ್ಟ್ರಿಡ್ಜ್‌ನ ಪಿನ್ನಿಗೆ ಸೋಲ್ಡರಿಂಗ್ ಮಾತ್ರ ಮಾಡ್ಬೇಡಿ, ಬಿಸಿಗೆ ಒಳಗಿನ ತಂತಿ ಹೋಗುತ್ತೆ. ತೋಳಿನ ಮೇಲಿನ ಹಳೇ ಅಂಕಿಯನ್ನೂ ನಂಬಬೇಡಿ, ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಮುಳ್ಳು ನೇರವಾಗಿ ಕೂತಿದೆಯಾ ಅಂತ ನೋಡೋಕೆ ಪ್ರೊಟ್ರ್ಯಾಕ್ಟರ್ ಹಾಳೆ ಪ್ರಿಂಟ್ ತೆಗೀರಿ, ಆದ್ರೆ 100% ಅಳತೆಯಲ್ಲಿ. ಸ್ಕೇಲ್ ಇಟ್ಟು ಒಂದ್ಸಲ ಅಳೆದೂ ನೋಡಿ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದ್ರೆ ಕೂದಲೆಳೆಯಷ್ಟು ಸೊಟ್ಟಗಿದ್ರೂ ಕಾಣುತ್ತೆ.

ಇನ್ನು ತಾತನ 78 ಪ್ಲೇಟು. ಅವು ಅರಗಿನವು, ಗೆರೆ ಅಗಲ. ಎಲ್‌ಪಿಯ ಗುಂಡು ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ಕ್ಕೆ ಬೇಕಾಗಿದ್ದು ಸುಮಾರು 75. ಚಿಕ್ಕ ಮುಳ್ಳು ಹಾಕಿದ್ರೆ ಗೆರೆಯ ತಳಕ್ಕೆ ಬಿದ್ದು ಧೂಳಲ್ಲಿ ಹೊರಳಾಡುತ್ತೆ, ಬರೀ ಸುರ್ರ್ ಅನ್ನೋ ಸದ್ದು ಜಾಸ್ತಿ ಕೇಳುತ್ತೆ. 78ರ ಮುಳ್ಳನ್ನ ಎಲ್‌ಪಿ ಮೇಲೆ ಇಟ್ರಂತೂ ಎಲ್‌ಪಿ ಕಥೆ ಮುಗೀತು. 3600ಕ್ಕೆ 78ರ ಮುಳ್ಳು ಬೇರೆ ಸಿಗುತ್ತೆ. ಡಬ್ಬಿ ಹಾಗೇ ಇರುತ್ತೆ, ಮುಳ್ಳನ್ನಷ್ಟೇ ಎಳೆದು ಬದಲಿಸಬಹುದು.

ಹೋದ ಭಾನುವಾರ ಎರಡೂ ಹಾಕಿದೆ. ನಾಟಕದ ಹಾಡಿನಲ್ಲಿ ಹಾರ್ಮೋನಿಯಂ ದನಿ ಬೇರೆಯಾಗಿ ಕೇಳಿಸ್ತು. ಅಜ್ಜಿ ಕೆಲಸ ಬಿಟ್ಟು ಬಂದು ಕೂತ್ಕೊಳ್ತು. ಆಮೇಲೆ 'ಬಂಗಾರದ ಮನುಷ್ಯ'. ಹಾಡಿನ ಕೊನೆಗೆ ಅದೇ ಕರ್ರ್, ನಾನು ಒಡೆದಿದ್ದು. ಅಜ್ಜಿ ನನ್ನ ಕಡೆ ನೋಡಿ, "ಇನ್ನೊಂದ್ ಮಗ್ಗುಲು ಹಾಕೋ," ಅಂತು.