ಡಿಜಿಟಲ್ ಕಂದಕವೂ ನಮ್ಮ ಕರ್ತವ್ಯವೂ

ಮಳೆಗಾಲದಲ್ಲಿ ನಮ್ಮೂರಿನ ತೋಡು ತುಂಬಿ ಹರಿಯುವಾಗ ಆಚೆ ದಡದ ಮಕ್ಕಳು ಶಾಲೆಗೆ ಬರಲು ಸಂಕ ಬೇಕು. ಎರಡು ಅಡಿಕೆ ಮರಗಳನ್ನು ಕಡಿದು ಅಡ್ಡ ಹಾಕಿದರೆ ಕೆಲಸ ಮುಗಿಯಿತೆಂದು ಗಟ್ಟಿಮುಟ್ಟಾದವರು ತಿಳಿಯುತ್ತಾರೆ. ಆದರೆ ಕೈ ಹಿಡಿಯಲು ಒಂದು ಬಿದಿರನ್ನಾದರೂ ಕಟ್ಟದ ಸಂಕವನ್ನು ಆರು ವರ್ಷದ ಮಗುವಾಗಲಿ ಎಪ್ಪತ್ತು ವರ್ಷದ ಅಜ್ಜಿಯಾಗಲಿ ದಾಟಲಾರರು. ಸಂಕ ಹಾಕಿದ್ದೇವೆ ಎನ್ನುವುದು ಬೇರೆ, ಎಲ್ಲರೂ ದಾಟಿದ್ದಾರೆ ಎನ್ನುವುದು ಬೇರೆ. ಈ ಲೇಖನದಲ್ಲಿ ನಾವು ಹೇಳಹೊರಟ ವಿಷಯದ ಸಾರವೂ ಇಷ್ಟೇ.

ಗಣಕಯಂತ್ರ, ಮೊಬೈಲು ಮತ್ತು ಅಂತರ್ಜಾಲಗಳನ್ನು ಬಳಸಬಲ್ಲವರಿಗೂ ಬಳಸಲಾಗದವರಿಗೂ ನಡುವೆ ಇರುವ ಅಂತರವನ್ನು ಡಿಜಿಟಲ್ ಕಂದಕ ಎಂದು ಕರೆಯುತ್ತಾರೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 260 ಕೋಟಿ ಜನರು ಅಂತರ್ಜಾಲದಿಂದ ಹೊರಗಿದ್ದರು. ಅಂದರೆ ಮೂವರಲ್ಲಿ ಒಬ್ಬರು. ಇವರಲ್ಲಿ ಬಹುಪಾಲು ಮಂದಿ ನಮ್ಮಂತಹ ಅಭಿವೃದ್ಧಿಶೀಲ ದೇಶಗಳವರು. ಈ ಕಂದಕವನ್ನು ತುಂಬಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಹೇಗೆ ತುಂಬಬೇಕು, ಯಾವ ದಾರಿ ನ್ಯಾಯವಾದುದು ಎಂಬುದು ಯೋಚಿಸತಕ್ಕ ವಿಷಯ.

2020ನೆಯ ಇಸವಿ ನಮಗೆಲ್ಲ ನೆನಪಿದೆ. ಕೊರೋನಾ ವ್ಯಾಧಿಯಿಂದಾಗಿ ಶಾಲೆಗಳು ಮುಚ್ಚಿದ್ದವು. ಜೂನ್ 1ರಿಂದ ಕೇರಳದಲ್ಲಿ ವಿಕ್ಟರ್ಸ್ ಟಿ.ವಿ. ವಾಹಿನಿಯ ಮೂಲಕ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ರಾಜ್ಯದಲ್ಲಿ ಸುಮಾರು 2.6 ಲಕ್ಷ ಮಕ್ಕಳ ಮನೆಯಲ್ಲಿ ಟಿ.ವಿ.ಯೂ ಇಲ್ಲ, ಅಂತರ್ಜಾಲವೂ ಇಲ್ಲ ಎಂದು ಆಗ ನಡೆದ ಸಮೀಕ್ಷೆಯಿಂದ ತಿಳಿದುಬಂತು. ಗ್ರಂಥಾಲಯಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಟಿ.ವಿ. ಇರಿಸಿ ಮಕ್ಕಳನ್ನು ಕೂರಿಸುವ ಏರ್ಪಾಡಾಯಿತು. ಇದು ಮೆಚ್ಚತಕ್ಕ ಕಾರ್ಯ. ಕನ್ನಡ ಮಾಧ್ಯಮದ ಪಾಠಗಳೂ ತಯಾರಾಗಿ ಯೂಟ್ಯೂಬಿನಲ್ಲಿ ದೊರೆಯುವಂತಾಯಿತು. ಆದರೆ ಯೂಟ್ಯೂಬಿಗೆ ಅಂತರ್ಜಾಲ ಬೇಕು, ಒಳ್ಳೆಯ ಮೊಬೈಲು ಬೇಕು, ಗುಡ್ಡದ ಬದಿಯ ಮನೆಗೆ ಸಿಗ್ನಲು ತಲಪಬೇಕು.

ಆ ದಿನಗಳಲ್ಲಿ ನಮ್ಮ ತರಗತಿಯ ಒಬ್ಬ ಹುಡುಗ ದಿನವೂ ಪಾಠಕ್ಕೆ ಗೈರುಹಾಜರು. ಉದಾಸೀನನೆಂದು ನಾವು ತೀರ್ಮಾನಿಸಿಬಿಟ್ಟೆವು. ಎರಡು ವಾರಗಳ ಅನಂತರ ಮನೆಗೆ ಹೋದಾಗ ಅವನ ತಾಯಿ, “ಮನೆಯಲ್ಲಿ ಇರುವುದು ಒಂದೇ ಫೋನು ಮಾಷ್ಟ್ರೇ. ಅದನ್ನು ಅವನಪ್ಪ ಕೆಲಸಕ್ಕೆ ಕೊಂಡುಹೋಗುತ್ತಾರೆ. ರಾತ್ರಿ ಬಂದ ಮೇಲೆ ಇವನು ನೋಡುವುದು” ಎಂದರು. ಹುಡುಗನ ನೋಟುಪುಸ್ತಕದಲ್ಲಿ ಎಲ್ಲ ಪಾಠಗಳೂ ಬರೆದಿದ್ದವು. ತಪ್ಪು ಅವನದಲ್ಲ, ಕೇಳದೆ ತೀರ್ಮಾನಿಸಿದ ನಮ್ಮದು. ಕಂದಕದ ಆಚೆ ದಡದಲ್ಲಿ ನಿಂತವರನ್ನು ಮೊದಲು ಕೇಳಬೇಕೆಂಬ ಪಾಠವನ್ನು ಆ ಹುಡುಗ ನಮಗೆ ಕಲಿಸಿದನು.

ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ದೊಡ್ಡ ದೊಡ್ಡ ಉದಾಹರಣೆಗಳಿವೆ. 2005ರಲ್ಲಿ ಅಮೇರಿಕೆಯ ನಿಕೋಲಸ್ ನೆಗ್ರೊಪಾಂಟೆ ಎಂಬವರು ‘ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್’ ಎಂಬ ಯೋಜನೆಯನ್ನು ಸಾರಿದರು. ನೂರು ಡಾಲರಿಗೆ ಒಂದು ಯಂತ್ರ ಕೊಟ್ಟರೆ ಬಡದೇಶಗಳ ಮಕ್ಕಳು ತಾವಾಗಿಯೇ ಕಲಿಯುವರೆಂಬುದು ಅವರ ನಂಬಿಕೆ. ದಕ್ಷಿಣ ಅಮೇರಿಕೆಯ ಪೆರು ದೇಶವು ಲಕ್ಷಗಟ್ಟಲೆ ಯಂತ್ರಗಳನ್ನು ಕೊಂಡು ಹಳ್ಳಿಶಾಲೆಗಳಿಗೆ ಹಂಚಿತು. ಅಲ್ಲಿ ನಡೆದ ಅಧ್ಯಯನದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಯಂತ್ರ ಬಂದಿತ್ತು, ಆದರೆ ಅದನ್ನು ಪಾಠಕ್ಕೆ ಹೊಂದಿಸಿಕೊಳ್ಳಲು ಅಧ್ಯಾಪಕರಿಗೆ ಬೇಕಾದಷ್ಟು ತರಬೇತಿ ಇರಲಿಲ್ಲ. ಅನೇಕ ಶಾಲೆಗಳಲ್ಲಿ ಅಂತರ್ಜಾಲವೂ ಇರಲಿಲ್ಲ. ಸೈಕಲ್ ಕೊಟ್ಟ ಮಾತ್ರಕ್ಕೆ ಸವಾರಿ ಬಂದೀತೇ?

ಎರಡನೆಯ ಉದಾಹರಣೆ ನಮ್ಮ ದೇಶದ್ದೇ. ಫೇಸ್‌ಬುಕ್ ಕಂಪೆನಿಯು ‘ಫ್ರೀ ಬೇಸಿಕ್ಸ್’ ಎಂಬ ಹೆಸರಿನಲ್ಲಿ ಬಡವರಿಗೆ ಅಂತರ್ಜಾಲವನ್ನು ಉಚಿತವಾಗಿ ಕೊಡಲು ಮುಂದಾಯಿತು. ಉಚಿತವೆಂದರೆ ಪೂರ್ಣ ಅಂತರ್ಜಾಲವಲ್ಲ, ಆ ಕಂಪೆನಿಯ ವೇದಿಕೆಯಲ್ಲಿ ಸೇರಿದ ಕೆಲವೇ ತಾಣಗಳು. ಗ್ರಂಥಾಲಯದ ಬಾಗಿಲು ತೆರೆದು, ‘ಈ ಒಂದು ಕಪಾಟಿನ ಪುಸ್ತಕಗಳನ್ನು ಮಾತ್ರ ಓದು, ಉಳಿದುದನ್ನು ಮುಟ್ಟಬೇಕಾದರೆ ಹಣ ಕೊಡು’ ಎಂದಂತೆ. ಏನೂ ಇಲ್ಲದವನಿಗೆ ಇಷ್ಟಾದರೂ ಸಿಗಲಿ ಎಂದು ಕೆಲವರು ವಾದಿಸಿದರು. ಆ ಮಾತಿನಲ್ಲೂ ಹುರುಳಿಲ್ಲದಿಲ್ಲ. ಆದರೆ ಬಡವನು ಏನನ್ನು ಓದಬೇಕೆಂದು ಕೊಡುವವನು ನಿರ್ಧರಿಸತಕ್ಕದ್ದೇ? ದೇಶದಾದ್ಯಂತ ಚರ್ಚೆ ನಡೆದು, ಕೊನೆಗೆ ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿ 8ರಂದು, ತಾಣದಿಂದ ತಾಣಕ್ಕೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ದಾನವೆಂದು ಬಂದುದೆಲ್ಲ ಉಪಕಾರವೇ ಆಗಬೇಕಾಗಿಲ್ಲ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ಹಾಗಾದರೆ ನ್ಯಾಯವಾದ ದಾರಿ ಯಾವುದು? ನಮಗೆ ತೋಚಿದ ನಾಲ್ಕು ಅಂಶಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ, ಇದನ್ನು ದಾನವೆಂದಲ್ಲ, ಹಕ್ಕೆಂದು ಕಾಣಬೇಕು. ಸಂಜೆಯಿಂದ ರಾತ್ರಿಯವರೆಗೆ ಮೊಬೈಲು ಬಳಸಕೂಡದೆಂಬ ನಿಯಮಕ್ಕೆ ಒಪ್ಪದ ಕಾಲೇಜು ವಿದ್ಯಾರ್ಥಿನಿಯೊಬ್ಬಳನ್ನು ವಸತಿಗೃಹದಿಂದ ಹೊರಹಾಕಲಾಗಿತ್ತು. ಆಕೆ ಕೋರ್ಟಿಗೆ ಹೋದಳು. ಅಂತರ್ಜಾಲವನ್ನು ಪಡೆಯುವುದು ವಿದ್ಯೆಯ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟು 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಹೆಣ್ಣುಮಕ್ಕಳ ಕೈಗೆ ಫೋನು ಕೊಡಲು ಹಿಂಜರಿಯುವ ಹೆತ್ತವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಅಣ್ಣನಿಗೆ ಕಲಿಯಲು ಬೇಕಾದುದು ತಂಗಿಗೂ ಬೇಕು.

ಎರಡನೆಯದಾಗಿ, ಯಂತ್ರದೊಡನೆ ಕಲಿಸುವವರೂ ಬೇಕು. 1991ರ ಏಪ್ರಿಲ್ 18ರಂದು ಕೇರಳವು ಸಂಪೂರ್ಣ ಸಾಕ್ಷರ ರಾಜ್ಯವೆಂದು ಸಾರಿಕೊಂಡಿತು. ಸ್ವಯಂಸೇವಕರು ಮನೆಮನೆಗೆ ಹೋಗಿ ಅಕ್ಷರ ಕಲಿಸಿದುದರ ಫಲವದು. ಅದೇ ಕ್ರಮವನ್ನು ‘ಡಿಜಿ ಕೇರಳಂ’ ಯೋಜನೆಯೂ ಅನುಸರಿಸಿತು. ಸಮೀಕ್ಷೆ ನಡೆಸಿ ಸುಮಾರು 21.88 ಲಕ್ಷ ಮಂದಿ ಕಲಿಯಬೇಕಾದವರಿದ್ದಾರೆಂದು ಗುರುತಿಸಿ, ಅವರು ಇದ್ದಲ್ಲಿಗೇ ಹೋಗಿ ಕಲಿಸಲಾಯಿತು. ಕಲಿತವರಲ್ಲಿ 105 ವರ್ಷದ ಅಜ್ಜನೊಬ್ಬರೂ ಇದ್ದರು. 2025ರ ಆಗಸ್ಟ್ 21ರಂದು ರಾಜ್ಯವು ಸಂಪೂರ್ಣ ಡಿಜಿಟಲ್ ಸಾಕ್ಷರವೆಂದು ಘೋಷಿತವಾಯಿತು. ಘೋಷಣೆ ಆಯಿತೆಂದು ಕೆಲಸ ಮುಗಿಯಲಿಲ್ಲ. ಅಕ್ಷರದಂತೆ ಇದೂ ಬಳಸದಿದ್ದರೆ ಮರೆತುಹೋಗುತ್ತದೆ.

ಮೂರನೆಯದಾಗಿ, ಭಾಷೆ. ಗಡಿನಾಡಿನ ಕನ್ನಡಿಗರಾದ ನಮಗೆ ಇದು ಎಲ್ಲಕ್ಕಿಂತ ಹತ್ತಿರದ ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಭಾಷಾ ಅಲ್ಪಸಂಖ್ಯಾತರು. ನೆರೆಯವರ ಮಲೆಯಾಳವನ್ನು ನಾವು ಪ್ರೀತಿಯಿಂದ ಕಲಿಯುತ್ತೇವೆ. ಆದರೆ ಪರದೆಯ ಮೇಲಿನ ಅರ್ಜಿ ಅಜ್ಜಿಗೆ ಓದಲು ಬಾರದ ಲಿಪಿಯಲ್ಲಿದ್ದರೆ ಆಕೆಯ ಕೈಯಲ್ಲಿ ಫೋನಿದ್ದೂ ಪ್ರಯೋಜನವಿಲ್ಲ. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲನ್ನು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗೆ ಕೊಟ್ಟಿದೆ. ಕಾಗದಕ್ಕಿದ್ದ ಈ ಹಕ್ಕು ಪರದೆಗೆ ಬಂದಾಗ ಕಳೆದುಹೋಗಬಾರದು. ತಾಂತ್ರಿಕವಾಗಿ ಇದಕ್ಕೆ ಅಡ್ಡಿಯೇನೂ ಇಲ್ಲ. ಲೋಕದ ಲಿಪಿಗಳಿಗೆಲ್ಲ ಸಂಕೇತ ನೀಡುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಸುಲಭವಾಗಿ ಮೂಡಿಸುವ ವಿನ್ಯಾಸವನ್ನು ರೂಪಿಸಿ ಕೊಟ್ಟಿದ್ದಾರೆ. ನಮ್ಮ ಹೈಸ್ಕೂಲಿನ ಐ.ಟಿ. ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಉಳಿದಿರುವುದು ಕೇಳುವ ಧೈರ್ಯ, ಬಳಸುವ ಅಭ್ಯಾಸ.

ನಾಲ್ಕನೆಯದಾಗಿ, ದಾಟಲಾಗದವರಿಗೆ ಹಳೆಯ ದಾರಿ ತೆರೆದಿರಬೇಕು, ದಾಟಿದವರ ಗುಟ್ಟು ಕಾಯಬೇಕು. ಪಿಂಚಣಿ ಪಡೆಯುವ ವೃದ್ಧರು ತಾವು ಬದುಕಿದ್ದೇವೆಂದು ಯಂತ್ರಕ್ಕೆ ಬೆರಳೊತ್ತಿ ತೋರಿಸಬೇಕಾಗುತ್ತದೆ. ಜೀವಮಾನವೆಲ್ಲ ಬೀಡಿ ಕಟ್ಟಿ, ಅಡಿಕೆ ಸುಲಿದು ಸವೆದ ಬೆರಳಿನ ಗೆರೆಯನ್ನು ಯಂತ್ರ ಕೆಲವೊಮ್ಮೆ ಗುರುತಿಸುವುದಿಲ್ಲ. ಅಂತಹ ಸಂದರ್ಭದಲ್ಲಿ ಮುಖ ನೋಡಿ ಬರೆದುಕೊಳ್ಳುವ ಮನುಷ್ಯನೊಬ್ಬನು ಇರಲೇಬೇಕು. ದುಡಿಮೆಯ ಗುರುತೇ ದುಡಿದವರಿಗೆ ಮುಳುವಾಗುವುದು ಅನ್ಯಾಯ. ಇನ್ನು, ಓದು ಬಾರದವರ ಫೋನಿಗೆ ಬರುವ ಗುಟ್ಟಿನ ಸಂಖ್ಯೆಯನ್ನು, ಅಂದರೆ ಒ.ಟಿ.ಪಿ.ಯನ್ನು, ಉಪಾಯವಾಗಿ ಕೇಳಿ ಹಣ ಲಪಟಾಯಿಸುವ ಕಳ್ಳರು ಹೆಚ್ಚಿದ್ದಾರೆ. ಹೊಸದಾಗಿ ದಾಟಿದವರನ್ನು ಎಚ್ಚರಿಸದೆ ಬಿಡುವುದೂ ನಮ್ಮ ತಪ್ಪೇ. 2022ರಲ್ಲಿ ‘ಲಿಟ್ಲ್ ಕೈಟ್ಸ್’ ಕೂಟದ ವಿದ್ಯಾರ್ಥಿಗಳೇ ತಾಯಂದಿರಿಗೆ ಸೈಬರ್ ಸುರಕ್ಷೆಯ ಪಾಠ ಹೇಳಿದ್ದರು. ಮಕ್ಕಳು ಗುರುಗಳಾಗಿ ತಾಯಂದಿರು ಶಿಷ್ಯರಾದ ಆ ಕ್ರಮ ಎಂದೆಂದಿಗೂ ನಡೆಯತಕ್ಕದ್ದು.

ವಿದ್ಯಾರ್ಥಿ ಮಿತ್ರರೇ, ಇದೆಲ್ಲ ಸರಕಾರದ ಕೆಲಸ, ನಮ್ಮಿಂದೇನಾದೀತು ಎನ್ನಬೇಡಿರಿ. ನೆರೆಮನೆಯ ಅಜ್ಜಿಗೆ ಒಂದು ಅರ್ಜಿ ತುಂಬಿ ಕೊಡುವಾಗ ಫೋನನ್ನು ಕಸಿದುಕೊಂಡು ಎರಡು ನಿಮಿಷದಲ್ಲಿ ಒತ್ತಿ ಮುಗಿಸಬೇಡಿರಿ. ಅದು ನಿಮ್ಮ ಜಾಣತನವನ್ನು ತೋರಿಸುತ್ತದೆಯೇ ಹೊರತು ಅವರಿಗೆ ಏನನ್ನೂ ಕಲಿಸುವುದಿಲ್ಲ. ಪಕ್ಕದಲ್ಲಿ ಕುಳಿತು, ಅಲ್ಲಿ ಬರೆದುದನ್ನು ಓದಿ ಹೇಳಿ, “ಈಗ ಇದನ್ನು ನೀವೇ ಒತ್ತಿ ಅಜ್ಜಿ” ಎನ್ನಿರಿ. ಹತ್ತು ನಿಮಿಷ ಹೆಚ್ಚು ಬೇಕಾದೀತು. ಅವರ ಗುಟ್ಟಿನ ಸಂಖ್ಯೆಯನ್ನು ನೀವು ನೋಡಬೇಡಿರಿ, ನೋಡಿದರೂ ಮರೆತುಬಿಡಿರಿ. ಹೆತ್ತವರಲ್ಲಿ ನಮ್ಮ ಬಿನ್ನಹವೂ ಇದೆ: ಮಕ್ಕಳಿಂದ ಕಲಿಯಲು ಸಂಕೋಚಪಡಬೇಡಿ, ಮಗಳಿಗೂ ಮಗನಷ್ಟೇ ಹೊತ್ತು ಯಂತ್ರ ಸಿಗಲಿ, ಮತ್ತು ನಿಮ್ಮ ಮನೆಯಲ್ಲಿ ಪಾಠಕ್ಕೆ ಅನುಕೂಲವಿಲ್ಲದಿದ್ದರೆ ನಾಚದೆ ಶಾಲೆಗೆ ಬಂದು ಹೇಳಿ. ಹೇಳಿದರೆ ಮಾತ್ರ ನಮಗೆ ತಿಳಿದೀತು. ಕೇಳುವ ಕರ್ತವ್ಯವನ್ನು ಒಮ್ಮೆ ಮರೆತ ನಾವು ಇನ್ನು ಮರೆಯೆವು.

ರಾತ್ರಿ ಹೊತ್ತು ಅಪ್ಪನ ಫೋನಿನಲ್ಲಿ ಪಾಠ ನೋಡಿದ ಆ ಹುಡುಗ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ ಮುಂದಕ್ಕೆ ಹೋದನು. ಅವನು ದಾಟಿದ್ದು ತನ್ನ ಛಲದಿಂದ. ಎಲ್ಲರಿಗೂ ಅಷ್ಟು ಛಲ ಇರಬೇಕೆಂದು ಬಯಸುವುದು ನ್ಯಾಯವಲ್ಲ. ಸಂಕಕ್ಕೆ ಕೈಹಿಡಿಯುವ ಬಿದಿರನ್ನು ಕಟ್ಟುವುದು ಈಚೆ ದಡದಲ್ಲಿರುವ ನಮ್ಮೆಲ್ಲರ ಕೆಲಸ.