ಔತಣದ ಕರೆ: ಒಪ್ಪಿಕೊಂಡಿದ್ದೇವೆಯೇ? ಮುಟ್ಟಿಸಿದ್ದೇವೆಯೇ?

ನಮ್ಮ ಕರಾವಳಿಯಲ್ಲಿ ಮದುವೆಗೆ ಕರೆಯುವುದನ್ನು 'ಹೇಳಿಕೆ' ಎನ್ನುತ್ತೇವೆ. ಕರೆಯೋಲೆ ಅಂಚೆಯಲ್ಲಿ ಬಂದರೆ ಸಾಲದು, ಮನೆಯವರೇ ಬಂದು ಬಾಯಿಬಿಟ್ಟು ಹೇಳಬೇಕು. ಹೇಳಿಕೆ ಆಗದಿದ್ದರೆ ಹತ್ತಿರದ ನೆಂಟರೂ ಮದುವೆಗೆ ಹೋಗಲು ಹಿಂಜರಿಯುತ್ತಾರೆ. ದೂರದ ಕಲಬುರಗಿಯಲ್ಲೂ ಹೀಗೆಯೇ. ಮನೆಯ ಹಿರಿಯರು ಬಂದು ಕುಳಿತು, ನೀರು ಕುಡಿದು, "ಎಲ್ಲಾರೂ ಬರಬೇಕ್ರಿ, ತಪ್ಪಿಸಬ್ಯಾಡ್ರಿ" ಎಂದರೆ ಮಾತ್ರ ಅದು ಕರೆ.

ದೇವರೂ ನಮ್ಮನ್ನು ಒಂದು ಔತಣಕ್ಕೆ ಕರೆದಿದ್ದಾರೆ. ಅದನ್ನೇ ರಕ್ಷಣೆ ಎಂದು ಧರ್ಮಸಭೆ ಬೋಧಿಸುತ್ತದೆ. ಈ ಕರೆಯನ್ನು ನಾವು ನಿಜವಾಗಿ ಒಪ್ಪಿಕೊಂಡಿದ್ದೇವೆಯೇ? ಒಪ್ಪಿಕೊಂಡಿದ್ದರೆ ಇನ್ನೊಬ್ಬರಿಗೆ ಮುಟ್ಟಿಸಿದ್ದೇವೆಯೇ? ಇವು ಎರಡು ಬೇರೆ ಪ್ರಶ್ನೆಗಳಲ್ಲ, ಒಂದೇ ಪ್ರಶ್ನೆಯ ಎರಡು ಮುಖಗಳು ಎಂಬುದು ಕಲಬುರಗಿ ಮತ್ತು ಕಮಲಾಪುರಕ್ಕೆ ಹೋಗಿ ಬಂದ ಮೇಲೆ ನಮಗೆ ಹೆಚ್ಚು ಸ್ಪಷ್ಟವಾಯಿತು.

ಕರೆ ಯಾರದು?

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭು ಯೇಸು ಒಂದು ಸಾಮತಿ ಹೇಳುತ್ತಾರೆ. ಒಬ್ಬ ಯಜಮಾನ ದೊಡ್ಡ ಔತಣ ಏರ್ಪಡಿಸಿ ಬಹಳ ಮಂದಿಯನ್ನು ಕರೆಯುತ್ತಾನೆ. ಊಟ ಸಿದ್ಧವಾದಾಗ ಸೇವಕನನ್ನು ಕಳುಹಿಸುತ್ತಾನೆ. ಇಲ್ಲಿ ನಾವು ಮೊದಲು ಗಮನಿಸಬೇಕಾದದ್ದು, ಔತಣದ ಖರ್ಚೂ ಸಿದ್ಧತೆಯೂ ಪೂರ್ತಿ ಯಜಮಾನನದೇ ಎಂಬುದನ್ನು. ಅತಿಥಿಗಳು ಏನನ್ನೂ ತರಬೇಕಾಗಿಲ್ಲ. ರಕ್ಷಣೆ ನಮ್ಮ ಸಂಪಾದನೆಯಲ್ಲ, ಅದು ದೇವರ ವರ ಎಂದು ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದಲ್ಲಿ (2:8) ಹೇಳುವುದೂ ಇದನ್ನೇ. ಎಲ್ಲ ಮಾನವರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆ ಎಂದು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರ (2:4) ತಿಳಿಸುತ್ತದೆ.

ರಕ್ಷಣೆ ಎಂದರೆ ಸತ್ತ ಮೇಲೆ ಸಿಗುವ ಸ್ವರ್ಗ ಮಾತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಸುಂಕದ ಅಧಿಕಾರಿ ಜಕ್ಕಾಯನ ಮನೆಯಲ್ಲಿ ಪ್ರಭು ಯೇಸು ರಕ್ಷಣೆ ಆ ದಿನವೇ ಆ ಮನೆಗೆ ಬಂದಿತೆಂದು ಸಾರಿದರು (ಲೂಕ 19:9). ಮೋಸದಿಂದ ಪಡೆದದ್ದನ್ನು ನಾಲ್ಕು ಪಾಲಾಗಿ ಹಿಂದಿರುಗಿಸಲು ಜಕ್ಕಾಯ ಮುಂದಾದ. ಪಾಪದಿಂದ ಬಿಡುಗಡೆ, ದೇವರೊಂದಿಗೆ ಸಂಬಂಧ, ನೆರೆಯವರೊಂದಿಗೆ ನ್ಯಾಯ, ಇವು ಇಲ್ಲಿಯೇ ಆರಂಭವಾಗಿ ನಿತ್ಯಜೀವದಲ್ಲಿ ಪೂರ್ಣಗೊಳ್ಳುತ್ತವೆ.

ನಮ್ಮ ನೆಪಗಳು

ಸಾಮತಿಯಲ್ಲಿ ಕರೆ ಪಡೆದವರು ಯಾರೂ ಯಜಮಾನನನ್ನು ಬೈಯಲಿಲ್ಲ. ಒಬ್ಬ ಹೊಲ ಕೊಂಡಿದ್ದ, ನೋಡಿ ಬರಬೇಕಾಗಿತ್ತು. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದ. ಮತ್ತೊಬ್ಬನಿಗೆ ಹೊಸದಾಗಿ ಮದುವೆಯಾಗಿತ್ತು. ಇವು ಯಾವುವೂ ಕೆಟ್ಟ ಕೆಲಸಗಳಲ್ಲ. ಆದರೂ ಅವರು ಔತಣದಿಂದ ಹೊರಗುಳಿದರು.

ಇಂದು ನಾವೂ ದೇವರನ್ನು ಬೇಡವೆನ್ನುವುದಿಲ್ಲ. ಸೈಟಿನ ನೋಂದಣಿ, ಹೊಸ ವಾಹನ, ಮಕ್ಕಳ ಟ್ಯೂಷನ್, ಭಾನುವಾರದ ಕಾರ್ಯಕ್ರಮ ಎಂದು ಮುಂದಕ್ಕೆ ಹಾಕುತ್ತೇವೆ. ಹುಟ್ಟಿದಾಗ ದೀಕ್ಷಾಸ್ನಾನ ಆಗಿದೆ, ಪರಮಪ್ರಸಾದ, ದೃಢೀಕರಣ ಎಲ್ಲವೂ ಆಗಿದೆ, ಇನ್ನೇನು ಬೇಕು ಎಂಬ ಭಾವನೆಯೂ ಇದೆ. ಸಂತ ಮತ್ತಾಯರು ಹೇಳುವ ಮದುವೆಯ ಔತಣದಲ್ಲಿ (22:1-14) ಒಬ್ಬ ಒಳಗೆ ಬಂದಿದ್ದ, ಆದರೆ ಮದುವೆಗೆ ತಕ್ಕ ಉಡುಪು ಧರಿಸಿರಲಿಲ್ಲ. ಹೆಸರಿಗೆ ಒಳಗಿರುವುದು ಬೇರೆ, ಬದುಕನ್ನು ಬದಲಿಸಿಕೊಂಡು ಒಳಗಿರುವುದು ಬೇರೆ ಎಂದು ಇದರಿಂದ ತಿಳಿಯುತ್ತದೆ.

ಕಲಬುರಗಿಯಲ್ಲಿ ಕಂಡದ್ದು

ಕಲಬುರಗಿ ನಮ್ಮ ಓದುಗರಿಗೆ ಅಪರಿಚಿತ ಊರಲ್ಲ. ಬ್ಯಾಂಕ್, ರೈಲ್ವೆ, ಶಾಲೆ, ಆಸ್ಪತ್ರೆಗಳ ಉದ್ಯೋಗಕ್ಕಾಗಿ ಕರಾವಳಿಯ ಎಷ್ಟೋ ಕುಟುಂಬಗಳು ಅಲ್ಲಿ ವರ್ಷಗಟ್ಟಲೆ ಇದ್ದು ಬಂದಿವೆ. ನಮ್ಮ ಗುರುಗಳೂ ಧರ್ಮಭಗಿನಿಯರೂ ಆ ಭಾಗದಲ್ಲಿ ಸೇವೆ ಸಲ್ಲಿಸಿದ್ದಾರೆ. 2005ರ ಜೂನ್ 24ರಂದು ಜಗದ್ಗುರು 16ನೇ ಬೆನೆಡಿಕ್ಟರು ಅಲ್ಲಿ ಹೊಸ ಧರ್ಮಕ್ಷೇತ್ರವನ್ನು ಸ್ಥಾಪಿಸಿದರು. ಮಂಗಳೂರು ಧರ್ಮಕ್ಷೇತ್ರದ ಗುರುಗಳಾಗಿದ್ದ ವಂದನೀಯ ರಾಬರ್ಟ್ ಮೈಕಲ್ ಮಿರಾಂದರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಆಗ ಊರಿನ ಹೆಸರು ಗುಲ್ಬರ್ಗ, 2014ರ ನವೆಂಬರ್ 1ರಿಂದ ಕಲಬುರಗಿ.

ಆ ನಾಡಿನಲ್ಲಿ ಕ್ರೈಸ್ತರು ಬಹಳ ಕಡಿಮೆ. ದಕ್ಷಿಣ ಕನ್ನಡದಲ್ಲಿ ನೂರಕ್ಕೆ ಸುಮಾರು ಎಂಟು ಮಂದಿ ಕ್ರೈಸ್ತರಾದರೆ, ಕಲಬುರಗಿ ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಇರುವವರಲ್ಲೂ ಮೆಥೊಡಿಸ್ಟ್ ಸಭೆಯ ಸಹೋದರರು ಬಹಳ ಮಂದಿ. ಆದರೆ ಔತಣ ಎಂದರೇನು, ಹಂಚಿ ತಿನ್ನುವುದು ಎಂದರೇನು ಎಂದು ಅಲ್ಲಿಯ ಜನರಿಗೆ ನಾವು ಕಲಿಸಬೇಕಾಗಿಲ್ಲ. ಶರಣಬಸವೇಶ್ವರರು (1746-1822) ದಾಸೋಹಕ್ಕೆ ಹೆಸರಾದವರು. ಬಂದವರ ಜಾತಿ ಕೇಳದೆ ಅನ್ನ ಇಕ್ಕುವ ಆ ಪರಂಪರೆ ಊರಿನ ಮನಸ್ಸಿನಲ್ಲಿದೆ. 1422ರಲ್ಲಿ ತೀರಿಕೊಂಡ ಸೂಫಿ ಸಂತ ಖಾಜಾ ಬಂದೇನವಾಜರ ದರ್ಗಾಕ್ಕೆ ಎಲ್ಲ ಮತದವರೂ ಹೋಗುತ್ತಾರೆ. ಹೀಗಿರುವಾಗ ಕ್ರೈಸ್ತರು ಈ ಊರಿಗೆ ಕೊಡುವುದೇನು? ಮೊದಲು ಸ್ವತಃ ಬಾಗಿಲು ತೆರೆಯುವುದನ್ನು ಕಲಿಯಬೇಕು ಎಂದು ಕಮಲಾಪುರದ ಒಂದು ಪ್ರಸಂಗ ನಮಗೆ ಹೇಳಿತು.

ಕಮಲಾಪುರದ ಅಜ್ಜಿಯ ದೂರು

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಈಚೆಗೆ ತಾಲ್ಲೂಕು ಕೇಂದ್ರವೂ ಆಗಿದೆ. ವರ್ಗಾವಣೆಯ ಮೇಲೆ ಅಲ್ಲಿಗೆ ಹೋದ ನಮ್ಮ ಕಡೆಯ ಒಂದು ಕುಟುಂಬದವರು ತಮ್ಮ ಅನುಭವವನ್ನು ನಮಗೆ ಹೇಳಿದರು. ಗಂಡ ಬ್ಯಾಂಕ್ ಉದ್ಯೋಗಿ, ಹೆಂಡತಿ ಶಿಕ್ಷಕಿ. ಮೊದಲ ವರ್ಷ ಅವರಿಗೆ ಅದು ಶಿಕ್ಷೆಯ ಹಾಗೆಯೇ ಇತ್ತು. ಭಾನುವಾರ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ಕಲಬುರಗಿಗೆ ಬಲಿಪೂಜೆಗೆ ಹೋಗುತ್ತಿದ್ದರು. ಕ್ರಿಸ್ಮಸ್‌ಗೆ ಊರಿಗೇ ಬಂದುಬಿಟ್ಟರು. ನೆರೆಯವರೊಂದಿಗೆ ನಗು ಮಾತ್ರ, ಮಾತಿಲ್ಲ.

ಹಬ್ಬ ಮುಗಿಸಿ ಹಿಂದಿರುಗಿದಾಗ ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಕೇಳಿದರಂತೆ: "ಟೀಚರ್ರೀ, ನೀವು ಯೇಸಪ್ಪನ ಮಂದಿ ಅಲ್ಲೇನ್ರಿ? ನಿಮ್ಮ ಹಬ್ಬ ಬಂದು ಹೋಯ್ತು, ಒಂದ್ ಮಾತ್ ನಮ್ಮನ್ನ ಕರೀಲಿಲ್ಲಲ್ರಿ!"

ಆ ಅಜ್ಜಿ ಆ ವರ್ಷ ಎಳ್ಳಮಾವಾಸ್ಯೆಗೆ, ಪಂಚಮಿಗೆ ತಮ್ಮ ಮನೆಯಿಂದ ಇವರಿಗೆ ರೊಟ್ಟಿ, ಉಂಡಿ ಕಳುಹಿಸಿದ್ದರು. ಇವರು ಡಬ್ಬಿ ತೊಳೆದು ಹಿಂದಿರುಗಿಸಿದ್ದರು, ಅಷ್ಟೇ. "ನಾವು ದಿನಾ ಜಪಸರ ಪ್ರಾರ್ಥಿಸುತ್ತಿದ್ದೆವು. ಆದರೆ ನಮ್ಮ ಮನೆಯ ಬಾಗಿಲು ಮುಚ್ಚಿಯೇ ಇತ್ತು" ಎಂದು ಆ ಶಿಕ್ಷಕಿ ನಮಗೆ ಹೇಳಿದಾಗ ನಮ್ಮ ತಲೆಯೂ ತಗ್ಗಿತು.

ಮರುವರ್ಷ ಅವರು ಕಮಲಾಪುರದಲ್ಲಿಯೇ ಕ್ರಿಸ್ಮಸ್ ಆಚರಿಸಿದರು. ಪುಟ್ಟ ಗೋದಲಿ ಕಟ್ಟಿದರು. ಕುಸ್ವಾರ್ ಮಾಡಿ ಓಣಿಯ ಮನೆಮನೆಗೆ ಹೋಗಿ ಹೇಳಿಕೆ ಮಾಡಿದರು. ಎಲ್ಲರೂ ಬಂದರು. ಕೂಸನ್ನು ಯಾಕೆ ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದೀರಿ ಎಂದು ಮಕ್ಕಳು ಕೇಳಿದವು. ದೇವರ ಮಗನಿಗೆ ಊರಿನಲ್ಲಿ ಜಾಗ ಸಿಗಲಿಲ್ಲ, ಆದರೂ ಅವರು ನಮಗಾಗಿ ಬಂದರು ಎಂದು ಶಿಕ್ಷಕಿ ಉತ್ತರಿಸಿದರು. ಯಾರೂ ಧರ್ಮ ಬದಲಿಸಲಿಲ್ಲ, ಬದಲಿಸಿರೆಂದು ಇವರು ಕೇಳಲೂ ಇಲ್ಲ. ಆದರೆ ಆ ಓಣಿಯಲ್ಲಿ ಅಂದು ಶುಭಸಂದೇಶ ಕೇಳಿಸಿತು. ಮುಂದೆ ಮನೆಯಾತ ಕಾಯಿಲೆ ಬಿದ್ದಾಗ ರಾತ್ರಿ ವಾಹನ ತಂದು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದವರು ಅದೇ ಓಣಿಯವರು.

ಕರೆ ಬೇರೆ, ಒತ್ತಾಯ ಬೇರೆ

ಇಂದು 'ಶುಭಸಂದೇಶ ಸಾರುವುದು' ಎಂದೊಡನೆ ಮತಾಂತರದ ಆರೋಪ ಬರುತ್ತದೆ. ಆ ಭಯದಿಂದ ನಾವು ಮೌನವಾಗಿರುವುದೂ ಉಂಟು. ಆದ್ದರಿಂದ ಈ ಭೇದವನ್ನು ಸ್ಪಷ್ಟವಾಗಿ ತಿಳಿದಿರಬೇಕು.

ನಮ್ಮ ಸಂವಿಧಾನದ 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು, ತನ್ನ ಧರ್ಮವನ್ನು ಒಪ್ಪುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ನೀಡಿದೆ. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರದ ಹಕ್ಕೆಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅಲ್ಲ ಎಂದಿತು. ಧರ್ಮಸಭೆಯಾದರೂ ಒತ್ತಾಯವನ್ನು ಎಂದೂ ಒಪ್ಪುವಂತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಪ್ರತ್ಯೇಕ ಘೋಷಣೆಯನ್ನೇ ಹೊರಡಿಸಿತು. ಯಾರನ್ನೂ ಬಲವಂತದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ತರುವುದನ್ನು ಅದೇ ವರ್ಷದ ಧರ್ಮಪ್ರಚಾರದ ವಿಧಿಪತ್ರವೂ ಕಟ್ಟುನಿಟ್ಟಾಗಿ ನಿಷೇಧಿಸಿದೆ.

ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಜಗದ್ಗುರು 6ನೇ ಪೌಲರು 1975ರ ತಮ್ಮ ಪ್ರೇರಣಾಪತ್ರದಲ್ಲಿ ಬದುಕಿನ ಸಾಕ್ಷ್ಯವೇ ಮೊದಲನೆಯದು, ಆದರೆ ಆ ಬದುಕಿಗೆ ಕಾರಣರಾದ ಕ್ರಿಸ್ತರ ಹೆಸರನ್ನೂ ಸಮಯ ಬಂದಾಗ ಹೇಳಬೇಕು ಎಂದು ವಿವರಿಸಿದ್ದಾರೆ. ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ವಿನಯದಿಂದ, ಗೌರವದಿಂದ ಉತ್ತರ ಕೊಡಲು ಸಿದ್ಧರಿರಬೇಕೆಂದು ಸಂತ ಪೇತ್ರರ ಮೊದಲನೆಯ ಪತ್ರ (3:15) ಹೇಳುತ್ತದೆ. ಕಮಲಾಪುರದಲ್ಲಿ ನಡೆದದ್ದು ಇದೇ. ಮೊದಲು ಬಾಗಿಲು ತೆರೆಯಿತು, ಆಮೇಲೆ ಪ್ರಶ್ನೆ ಬಂತು, ಕೊನೆಗೆ ಉತ್ತರ.

ಅಲ್ಲಿಂದ ಇಲ್ಲಿಗೆ ಬಂದವರು

ಇಷ್ಟು ಓದಿ, ಇದು ಕಲಬುರಗಿಗೆ ಹೋದವರ ವಿಷಯ ಎಂದುಕೊಳ್ಳಬೇಡಿ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಸಾವಿರಾರು ಮಂದಿ ಇಂದು ಮಂಗಳೂರು, ಉಡುಪಿಯಲ್ಲಿದ್ದಾರೆ. ನಮ್ಮ ಮನೆಗಳಿಗೆ ಕಲ್ಲು ಹೊತ್ತವರು, ರಸ್ತೆಗೆ ಡಾಂಬರು ಹಾಕಿದವರು ಅವರು. ಇಗರ್ಜಿಯ ಪಕ್ಕದಲ್ಲೇ ತಗಡಿನ ಶೆಡ್ಡುಗಳಲ್ಲಿ ಅವರ ಮಕ್ಕಳು ಆಡುತ್ತಿರುತ್ತಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ನಮ್ಮ ಕೊಂಕಣಿ ಬಲಿಪೂಜೆ ಅರ್ಥವಾಗದೆ ಹಿಂದಿನ ಬೆಂಚಿನಿಂದಲೇ ಎದ್ದು ಹೋಗುತ್ತಾರೆ. ಅವರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಲೂಕರ ಸಾಮತಿಯ ಯಜಮಾನ ಸೇವಕನನ್ನು ಎರಡನೆಯ ಸಲ ಕಳುಹಿಸಿದ್ದು ಬೀದಿಗೆ, ಓಣಿಗೆ, ಬಡವರ ಬಳಿಗೆ. ಮೂರನೆಯ ಸಲ ಊರ ಹೊರಗಿನ ಹಾದಿಗಳಿಗೆ. ಕಮಲಾಪುರದ ಅಜ್ಜಿ ಕೇಳಿದ ಪ್ರಶ್ನೆಯನ್ನು ಇವರು ನಮ್ಮನ್ನು ಕೇಳುವುದಿಲ್ಲ, ಏಕೆಂದರೆ ಅಷ್ಟು ಸಲಿಗೆಯನ್ನೂ ನಾವು ಕೊಟ್ಟಿಲ್ಲ.

ನಾವು ಮಾಡಬಹುದಾದದ್ದು

1. ಪ್ರತಿದಿನ ಸ್ವಲ್ಪ ಹೊತ್ತು ಶುಭಸಂದೇಶ ಓದಿ, ಇಂದು ದೇವರು ನನ್ನನ್ನು ಯಾವುದಕ್ಕೆ ಕರೆಯುತ್ತಿದ್ದಾರೆ ಎಂದು ಕೇಳಿಕೊಳ್ಳೋಣ. ಕರೆ ಕೇಳದವರು ಅದನ್ನು ಮುಟ್ಟಿಸಲಾರರು.

2. ಪಾಪನಿವೇದನೆಯನ್ನು ಹಬ್ಬದ ಸಂಪ್ರದಾಯಕ್ಕೆ ಸೀಮಿತಗೊಳಿಸದಿರೋಣ. ಮದುವೆಯ ಉಡುಪನ್ನು ಶುಚಿಯಾಗಿಡುವ ದಾರಿ ಅದು.

3. ಪ್ರತಿಯೊಂದು ವಾಳೆಯಲ್ಲೂ ಗುರಿಕಾರರು ಹೊರಜಿಲ್ಲೆಯಿಂದ ಬಂದ ಕುಟುಂಬಗಳನ್ನು ಭೇಟಿಮಾಡಲಿ. ಸಾಧ್ಯವಿರುವ ಧರ್ಮಕೇಂದ್ರಗಳಲ್ಲಿ ಕನ್ನಡ ಬಲಿಪೂಜೆ ನಡೆಯಲಿ.

4. ಹಬ್ಬಕ್ಕೆ ಕನಿಷ್ಠ ಒಂದು ನೆರೆಮನೆಗೆ ಬಾಯಿಬಿಟ್ಟು ಹೇಳಿಕೆ ಮಾಡೋಣ. ಅವರ ಹಬ್ಬಕ್ಕೆ ಕರೆದರೆ ಸಂತೋಷದಿಂದ ಹೋಗೋಣ.

5. ವರ್ಗಾವಣೆಯಾಗಿ ಹೋಗುವ ಮಕ್ಕಳಿಗೆ, ಅಲ್ಲಿಗೆ ನಿನ್ನನ್ನು ಕಳುಹಿಸಿದ್ದು ಸಂಸ್ಥೆ ಮಾತ್ರವಲ್ಲ ಎಂದು ಹೇಳಿ ಕಳುಹಿಸೋಣ.

ಜಗದ್ಗುರು 11ನೇ ಪಿಯುಸರು 1926ರಲ್ಲಿ ಆರಂಭಿಸಿದ ವಿಶ್ವ ಧರ್ಮಪ್ರಚಾರ ಭಾನುವಾರಕ್ಕೆ 2024ರಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸರು ಆರಿಸಿದ ವಿಷಯವೂ ಸಂತ ಮತ್ತಾಯರು ಹೇಳುವ ಔತಣದ ಸಾಮತಿಯದು: ಹೋಗುವುದು, ಎಲ್ಲರನ್ನೂ ಔತಣಕ್ಕೆ ಕರೆಯುವುದು. ಆ ದಿನದ ಕಾಣಿಕೆ ಡಬ್ಬಿಗೆ ಹಣ ಹಾಕಿ ನಾವು ಸುಮ್ಮನಾಗುತ್ತೇವೆ. ಆದರೆ ಪ್ರತಿ ಬಲಿಪೂಜೆಯಲ್ಲೂ ನಾವು ಎರಡು ಸಂಗತಿ ಕೇಳುತ್ತೇವೆ. ಪರಮಪ್ರಸಾದಕ್ಕೆ ಮುಂಚೆ ಔತಣದ ಕರೆ, ಕೊನೆಯಲ್ಲಿ ಹೋಗಿರೆಂಬ ಕಳುಹಿಸುವಿಕೆ. ಊಟ ಮಾಡಿದವರನ್ನೇ ಪ್ರಭು ಕರೆಯಲು ಕಳುಹಿಸುತ್ತಾರೆ.

ಪ್ರಿಯ ಓದುಗರೇ, ನಮ್ಮ ಪಕ್ಕದ ಮನೆಯ ಕಟ್ಟೆಯ ಮೇಲೂ ಯಾರೋ ಒಬ್ಬರು ಕರೆಗಾಗಿ ಕಾಯುತ್ತಿರಬಹುದು. ಅವರು ಕೇಳುವ ಮೊದಲೇ ನಾವು ಬಾಗಿಲು ತೆರೆಯುವಂತಾಗಲಿ. ಅದಕ್ಕೆ ಬೇಕಾದ ಕೃಪೆಯನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.