ಅರ್ಥ ಆಗುತ್ತೆ, ಬಾಯಿಗೆ ಬರಲ್ಲ

ನಾಜಿಗಳ ಕಾಟ ತಾಳಲಾರದೆ 1930ರ ದಶಕದಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ನಗರ ಬಿಟ್ಟ ಯಹೂದಿಗಳು ಅನೇಕರು. ಇಂಗ್ಲೆಂಡ್, ಅಮೆರಿಕ ಸೇರಿದ ಅವರಲ್ಲಿ ಕೆಲವರನ್ನು ಸುಮಾರು ಆರು ದಶಕಗಳ ಬಳಿಕ ಮಾತಾಡಿಸಿ, ಅವರ ಬದುಕಿನ ಕಥೆಯನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಭಾಷಾವಿಜ್ಞಾನಿ ಮೋನಿಕಾ ಶ್ಮಿಡ್ ಆ ಮುದ್ರಿಕೆಗಳಲ್ಲಿ ಕಿವಿಗೊಟ್ಟಿದ್ದು ಅವರ ಜರ್ಮನ್ ಹೇಗಿದೆ ಎಂಬುದಕ್ಕೆ. ಎಲ್ಲರಿಗೂ ಅದು ತಾಯ್ನುಡಿಯೇ. ಆದರೂ ಕೆಲವರು ನಿನ್ನೆ ಮೊನ್ನೆ ಊರು ಬಿಟ್ಟವರಂತೆ ಮಾತಾಡಿದರೆ, ಇನ್ನು ಕೆಲವರು ಲಿಂಗ, ವಿಭಕ್ತಿಗಳಲ್ಲಿ ಎಡವುತ್ತಿದ್ದರು. ಉಚ್ಚಾರಣೆ ಕೇಳಿದರೆ ಪರದೇಶಿಗಳೇನೋ ಅನ್ನಿಸುತ್ತಿತ್ತು.

ಚಿಕ್ಕ ವಯಸ್ಸಿನಲ್ಲಿ ಹೊರಟವರು ಹೆಚ್ಚು ಮರೆತಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಲೆಕ್ಕ ಹಾಗೆ ಕೂಡಲಿಲ್ಲ. ಹಿಟ್ಲರ್ ಬಂದ ಹೊಸತರಲ್ಲೇ ಹೊರಟವರ ಜರ್ಮನ್ ಬಹುಪಾಲು ಗಟ್ಟಿಯಾಗಿ ಉಳಿದಿತ್ತು. ಹೆಚ್ಚು ಸವೆದಿದ್ದು 1938ರ ನವೆಂಬರ್ ಹಿಂಸಾಚಾರದ ನಂತರ ತಪ್ಪಿಸಿಕೊಂಡವರದು. ಪ್ರಾರ್ಥನಾ ಮಂದಿರಗಳು ಉರಿದದ್ದನ್ನು, ಅಂಗಡಿಗಳ ಗಾಜು ಪುಡಿಯಾದದ್ದನ್ನು, ಗಂಡಸರನ್ನು ಶಿಬಿರಗಳಿಗೆ ಎಳೆದೊಯ್ದದ್ದನ್ನು ಕಂಡ ಕಾಲದ ಜನ ಇವರು. ತಮ್ಮನ್ನು ಬೈದು ಅಟ್ಟಿದ ಮಾತನ್ನು ಮನೆಯೊಳಗೆ ಆಡಲು ಮನಸ್ಸಾದರೂ ಹೇಗೆ ಬಂದೀತು? 2002ರಲ್ಲಿ ಶ್ಮಿಡ್ ಈ ಕುರಿತು ಪುಸ್ತಕವನ್ನೇ ಬರೆದರು. ಮರೆವು ಎಂದರೆ ವರ್ಷಗಳ ಲೆಕ್ಕ ಎಂದುಕೊಂಡಿದ್ದವರಿಗೆ ಅದು ಒಳ್ಳೆಯ ಉತ್ತರ.

ಇಂಥ ಗಾಯವಿಲ್ಲದೆಯೂ ಭಾಷೆ ಸವೆಯುತ್ತದೆ, ನಿಧಾನಕ್ಕೆ. ಬೆಳೆದ ಮೇಲೆ ಊರು ಬಿಟ್ಟವರಲ್ಲಿ ಪದಗಳು ಅಳಿಸಿಹೋಗುವುದಕ್ಕಿಂತ ಕೈಗೆಟುಕದೆ ಹೋಗುವುದೇ ಹೆಚ್ಚು. ಇಪ್ಪತ್ತೈದು ವರ್ಷದಿಂದ ನ್ಯೂಜೆರ್ಸಿಯಲ್ಲಿರುವ ಕನ್ನಡಿಗ ‘ನನ್ನ ಕೋ-ಬ್ರದರ್’ ಅನ್ನುತ್ತಾನೆ. ಎದುರಿಗಿದ್ದವರು ‘ಷಡ್ಡಕನಾ?’ ಎಂದರೆ ತಕ್ಷಣ ‘ಹೂಂ, ಅದೇ’. ಕಿವಿಗೆ ಗೊತ್ತಿದೆ, ನಾಲಿಗೆಗೆ ಸಿಗಲಿಲ್ಲ. ದಿನವಿಡೀ ಬಳಸುವ ಇಂಗ್ಲಿಷ್ ಪದ ಮೊದಲು ನುಗ್ಗಿ ಬಾಗಿಲಲ್ಲಿ ನಿಂತುಬಿಟ್ಟಿರುತ್ತದೆ. ಆದರೆ ‘ಟ್ರಾಫಿಕ್ಕಲ್ಲಿ ಸ್ಟಕ್ ಆಗ್ಬಿಟ್ಟೆ, ಸ್ವಲ್ಪ ವೇಟ್ ಮಾಡಿ’ ಎನ್ನುವಾಗ ಆ ‘ಅಲ್ಲಿ’, ‘ಆಗ್ಬಿಟ್ಟೆ’, ಮರ್ಯಾದೆಯ ‘ಮಾಡಿ’ ಎಲ್ಲವೂ ಸರಿಯಾದ ಜಾಗದಲ್ಲೇ ಇವೆ. (ಈ ವಾಕ್ಯ ಕೇಳಲು ನ್ಯೂಜೆರ್ಸಿಗೇ ಹೋಗಬೇಕಿಲ್ಲ, ಜಯನಗರ ಸಾಕು.)

ಶಾಲೆಯಲ್ಲಿ ಕಲಿತ ಭಾಷೆಯ ದಾರಿ ಬೇರೆ. ಸ್ಪ್ಯಾನಿಷ್ ಓದಿದ್ದ 733 ಅಮೆರಿಕನ್ನರನ್ನು ಪರೀಕ್ಷಿಸಿದ ಹ್ಯಾರಿ ಬಾರಿಕ್ 1984ರಲ್ಲಿ ಪ್ರಕಟಿಸಿದ ಪ್ರಕಾರ, ಮೊದಲ ಮೂರರಿಂದ ಆರು ವರ್ಷಗಳಲ್ಲಿ ಬಹಳಷ್ಟು ಸೋರಿಹೋಗುತ್ತದೆ. ಉಳಿದದ್ದು ದಶಕಗಟ್ಟಲೆ ಹಾಗೇ ಇರುತ್ತದೆ. ಚೆನ್ನಾಗಿ ಕಲಿತವರಿಗೆ ಹೆಚ್ಚು ಉಳಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತಕ್ಕೆ 125ಕ್ಕೆ 125 ತೆಗೆದು, ಇಂದು ‘ರಾಮಃ ರಾಮೌ ರಾಮಾಃ’ದಲ್ಲೇ ನಿಂತಿರುವ ನಮ್ಮವರು ಆ ಸೋರಿಕೆಯನ್ನಂತೂ ಒಪ್ಪುತ್ತಾರೆ.

ನಿಜವಾದ ಅಪಾಯ ಇರುವುದು ಮಕ್ಕಳಿಗೆ. ಹನ್ನೆರಡರ ಆಸುಪಾಸಿನ ತನಕ ಭಾಷೆ ಬೇರು ಬಿಟ್ಟಿರುವುದಿಲ್ಲ. ನಾಲ್ಕನೇ ವಯಸ್ಸಿಗೆ ವಿಮಾನ ಹತ್ತಿದ ಹುಡುಗಿ ಮನೆಗೆ ಬಂದ ಹಿರಿಯರನ್ನು ‘ಅಂಕಲ್, ನೀನು ಯಾವಾಗ ಬಂದೆ?’ ಎಂದು ಕೇಳುತ್ತಾಳೆ. ಸೊಕ್ಕೇನೂ ಅಲ್ಲ. ಅವಳ ಜತೆ ಕನ್ನಡ ಆಡುವವರು ಅಪ್ಪ ಅಮ್ಮ ಇಬ್ಬರೇ, ಅವರು ಅವಳಿಗೆ ‘ನೀನು’ ಅಂತಲೇ ಅನ್ನುವುದು. ‘ನೀವು’ ಅನ್ನಬೇಕಾದ ಅಂಗಡಿಯವರು, ಟೀಚರು, ಪಕ್ಕದ ಮನೆ ಆಂಟಿ ಎಲ್ಲರೂ ಇಂಗ್ಲಿಷಿನವರು.

ಮೂರರಿಂದ ಎಂಟರ ವಯಸ್ಸಿನಲ್ಲಿ ಫ್ರಾನ್ಸಿಗೆ ದತ್ತುಹೋದ ಕೊರಿಯಾದ ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಪರೀಕ್ಷಿಸಿದ ಕ್ರಿಸ್ಟೋಫ್ ಪಾಲಿಯೇ ಮತ್ತು ಸಂಗಡಿಗರು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊರಿಯನ್ ವಾಕ್ಯ ಯಾವುದು, ಬೇರೆ ಭಾಷೆಯದು ಯಾವುದು ಎಂದು ಅವರಿಗೆ ತಿಳಿಯಲೇ ಇಲ್ಲ. ಮಿದುಳಿನ ಚಿತ್ರದಲ್ಲೂ ಸುಳಿವಿರಲಿಲ್ಲ. ಆದರೆ 2017ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ ದತ್ತುಮಕ್ಕಳಿಗೇ, ಈಗ ವಯಸ್ಕರಾದವರಿಗೆ, ಕೊರಿಯನ್ ಧ್ವನಿಗಳನ್ನು ಕಲಿಸಿ ನೋಡಿದರು. ಆ ಭಾಷೆಯ ಪ, ತ, ಕ ಮೂರು ಮೂರು ಬಗೆ. ನಮ್ಮ ಅಲ್ಪಪ್ರಾಣ ಮಹಾಪ್ರಾಣಕ್ಕಿಂತ ಒಂದು ಹೆಚ್ಚು. ಕೊರಿಯನ್ ಕೇಳಿಯೇ ಇರದ ಡಚ್ಚರಿಗಿಂತ ಇವರು ಅವನ್ನು ಚೆನ್ನಾಗಿ ಉಚ್ಚರಿಸಲು ಕಲಿತರು, ಆರು ತಿಂಗಳು ತುಂಬುವ ಮೊದಲೇ ದತ್ತುಹೋದವರೂ ಸಹ.

ಅನಿವಾಸಿ ಮನೆಗಳಲ್ಲಿ ಇದನ್ನು ಪ್ರಯೋಗಾಲಯವಿಲ್ಲದೆ ನೋಡಬಹುದು. ಆರು ತಿಂಗಳಿಗೆಂದು ಬಂದ ಅಜ್ಜಿಯ ಎದುರು ಮೊಮ್ಮಗು ಮೊದಲ ವಾರ ತಲೆ ಅಲ್ಲಾಡಿಸುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಜಗಳವಾಡುತ್ತದೆ, ಕನ್ನಡದಲ್ಲೇ. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಅದೇ ದೊಡ್ಡ ಅನುಕೂಲ. ಈಗಿನ ಅಜ್ಜಿಯರಿಗೆ ಬರುತ್ತದೆ, ತೊಂದರೆ ಅಲ್ಲೇ ಇರುವುದು.